ಕಣ್ಣು ಮುಚ್ಚದ ಕೂಕಾ ಎರ್ಸೆಲಿಯಾ

ಕೂಕಾ ಎರ್ಸೆಲಿಯಾ ಪಾಂಟಿಂಗ್ ಪ್ರಾರ್ಥನೆಯ ಹೊತ್ತಿನಲ್ಲಿ ಕಣ್ಣು ಮುಚ್ಚುವುದಿಲ್ಲ ಎಂಬುದನ್ನು ನಮ್ಮ ಸಭೆಯಲ್ಲಿ ಮೊದಲು ಕಂಡುಹಿಡಿದವನು ನಾನು. ಅದನ್ನು ಕಂಡುಹಿಡಿಯಬೇಕಾದರೆ ನಾನೂ ಕಣ್ಣು ಮುಚ್ಚಿರಲಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ, ದೇವರ ದಯೆ. ಪಾಸ್ಟರ್ ಆಸ್ಟನ್ ಅವರ ಪ್ರಾರ್ಥನೆ ಉದ್ದ. ಕಣ್ಣು ಮುಚ್ಚಿದರೆ ನನಗೆ ನಿದ್ದೆ ಬರುತ್ತದೆ, ನಿದ್ದೆ ಬಂದರೆ ಗೊರಕೆ ಬರುತ್ತದೆ. ಹಾಗಾಗಿ ಅವತ್ತು ಸುತ್ತ ನೋಡುತ್ತಿದ್ದೆ. ಇಡೀ ಚರ್ಚು ತಲೆ ತಗ್ಗಿಸಿ ಕೂತಿತ್ತು. ಹಿನ್ನೀರಿನ ಕಡೆಯ ಕಿಟಕಿಯ ಪಕ್ಕ, ಬೆಂಚಿನ ತುದಿಯಲ್ಲಿ, ಕೂಕಾ ಒಬ್ಬರೇ ಕತ್ತು ನೆಟ್ಟಗೆ ಮಾಡಿಕೊಂಡು ರೆಪ್ಪೆ ಮಿಟುಕಿಸದೆ ಹೊರಗೆ ನೋಡುತ್ತಿದ್ದರು.

ಕರಟಾಸ್ಕಾ ಹಿನ್ನೀರಿನ ದಂಡೆಯ ನಮ್ಮ ಸಭೆಗೆ ಒಂದು ಪುಟ್ಟ ರೇಡಿಯೊ ಇದೆ. ನಾನು ಅದರ ಸಂಬಳದ ಆಳು. ಬೆಳಿಗ್ಗೆ ಗಾಳಿ, ಅಲೆಗಳ ಸುದ್ದಿ ಓದಬೇಕು. ಯಾರ ಹೆಂಡತಿ ಯಾವ ಊರಿನ ದಡದಲ್ಲಿ ದೋಣಿಗೆ ಕಾಯುತ್ತಿದ್ದಾಳೆ ಎಂದು ಅವಳ ಗಂಡನಿಗೆ ತಿಳಿಸಬೇಕು. ಸತ್ತವರ ಹೆಸರು ಹೇಳಬೇಕು. ಇವೆಲ್ಲದರ ನಡುವೆ ‘ಬದುಕಿನ ಪಾಠ’ ಎಂಬ ಚುಟುಕು ಕಾರ್ಯಕ್ರಮ. ಊರಿನವರ ದಿನನಿತ್ಯದ ಬದುಕಿನಿಂದ ಒಂದು ಘಟನೆ ಎತ್ತಿಕೊಂಡು, ಅದರೊಳಗೆ ದೇವರು ಎಲ್ಲಿದ್ದಾನೆ ಎಂದು ತೋರಿಸುವುದು. ಒಬ್ಬರ ಸೂರು ಸೋರಿದರೆ ನಾನು ಅದರಲ್ಲಿ ಕೃಪೆ ಕಾಣುತ್ತಿದ್ದೆ. ಇನ್ನೊಬ್ಬರ ದೋಣಿ ಮಗುಚಿದರೆ ತಾಳ್ಮೆ ಕಾಣುತ್ತಿದ್ದೆ. ನನ್ನ ಚಪ್ಪಲಿ ಕಿತ್ತುಹೋದ ದಿನ ಮಾತ್ರ ಏನೂ ಕಾಣಲಿಲ್ಲ.

ಕೂಕಾ ಸಿಕ್ಕಿದ್ದು ನನಗೆ ಬಲೆಗೆ ದೊಡ್ಡ ಮೀನು ಬಿದ್ದ ಹಾಗಾಯಿತು. “ನಾವೆಲ್ಲ ಕಣ್ಣು ಮುಚ್ಚಿ ಕರ್ತನನ್ನು ಕತ್ತಲಲ್ಲಿ ಹುಡುಕುತ್ತೇವೆ. ನಮ್ಮ ನಡುವಿನ ಒಬ್ಬ ಅಜ್ಜಿ ಆತ ಯಾವ ಗಳಿಗೆಯಲ್ಲಾದರೂ ನೀರಿನ ಮೇಲೆ ನಡೆದು ಬಂದಾನೆಂದು ಕಿಟಕಿಯಿಂದ ಕಣ್ಣು ಕೀಳದೆ ಕಾಯುತ್ತಿದ್ದಾರೆ,” ಎಂದು ಮರುದಿನ ನಡುಗುವ ದನಿಯಲ್ಲಿ ಹೇಳಿದೆ. ನನಗೆ ದನಿ ಬೇಕೆಂದಾಗ ನಡುಗುತ್ತದೆ. ಕೆಲಸ ಸಿಕ್ಕಿದ್ದೇ ಅದಕ್ಕೆ.

ಮುಂದಿನ ಭಾನುವಾರ ಅರ್ಧಕ್ಕರ್ಧ ಹೆಂಗಸರು ಕಣ್ಣು ಬಿಟ್ಟುಕೊಂಡು, ಕಿಟಕಿಯ ಕಡೆ ತಿರುಗಿ ಪ್ರಾರ್ಥಿಸಿದರು. ಅವರಿಗೆ ಕಂಡದ್ದು ಹಿನ್ನೀರು, ದೋಣಿ ಕಟ್ಟುವ ಮರದ ಕಟ್ಟೆ, ಆಚೆಗೆ ಪಾಸ್ಟರ್ ಮನೆಯ ಮರಗೆಣಸಿನ ಪಾತಿ, ಪಾತಿಯೊಳಗೆ ಮೂತಿ ಹಾಕಿ ನಿಂತಿದ್ದ ಒಂದು ಕರಿ ಹಂದಿ.

ಸೋಮವಾರ ಕೂಕಾ ರೇಡಿಯೊ ಕೋಣೆಗೆ ಬಂದು ಬಾಗಿಲಿಗೆ ಒರಗಿ ನಿಂತರು.

“ಲೋ ನೊರ್ವಿನ್, ನಾನು ನೋಡ್ತಾ ಇದ್ದದ್ದು ನನ್ನ ಹಂದೀನ.”

“ಹಂದೀನಾ, ಕೂಕಾ?”

“ಹಗ್ಗ ಕಡ್ಕೊಂಡು ಪಾಸ್ಟರ್ ಪಾತೀಗೆ ನುಗ್ಗತ್ತೆ. ಎಲ್ಲಾರೂ ಕಣ್ ಮುಚ್ಚಿರೋವಾಗ್ಲೇ ಹೋಗತ್ತೆ, ಕಳ್ಳಮುಂಡೇದು. ಅವರು ಆಮೆನ್ ಅನ್ನೋದ್ರೊಳಗೆ ಎದ್ದು ಹೋಗಿ ಓಡಿಸ್ಬೇಕು. ಈಗ ನಿನ್ ಉಪಕಾರದಿಂದ ಊರಿನ ಹೆಂಗಸ್ರೆಲ್ಲಾ ನನ್ನ ಹಂದೀನೇ ನೋಡೋ ಹಾಗಾಯ್ತು.”

“ತಪ್ಪಾಯ್ತು ಕೂಕಾ. ನಾಳೆ ರೇಡಿಯೋಲಿ ತಿದ್ದಿ ಹೇಳ್ಬಿಡ್ತೀನಿ.”

“ಹೇಳು ಹೇಳು. ಪಾಠ ಏನಂತೀಯ? ಕೊಂಡರೆ ಗಟ್ಟಿ ಹಗ್ಗ ಕೊಳ್ಳಿ ಅಂತಲಾ?”

ನಾನು ತಿದ್ದಿ ಹೇಳಲಿಲ್ಲ. ಅವರೂ ಮತ್ತೆ ಕೇಳಲಿಲ್ಲ.

ನಮ್ಮಲ್ಲಿ ವಯಸ್ಸಾದ ಹೆಂಗಸರನ್ನೆಲ್ಲ ಕೂಕಾ ಎಂದೇ ಕರೆಯುವುದು, ಅಜ್ಜಿ ಎಂದು. ಎರ್ಸೆಲಿಯಾಗೆ ಮೊಮ್ಮಕ್ಕಳಿರಲಿಲ್ಲ. ಹಿನ್ನೀರಿನ ಆಚೆ ದಡದಲ್ಲಿ ಹುಟ್ಟಿದವರು, ಮದುವೆಯಾಗಿ ಈಚೆಗೆ ಬಂದವರು. ಗಂಡ ಸಮುದ್ರದ ತಳದ ದೊಡ್ಡ ಕಲ್ಲುಸಿಗಡಿಗೆ ಧುಮುಕುವ ಮುಳುಗಾಳು. ಅವನ ಕಾಲದಲ್ಲಿ ಗಾಳಿಯ ಸಿಲಿಂಡರು ಬೆನ್ನಿಗೆ ಕಟ್ಟಿಕೊಂಡು ಎಷ್ಟು ಆಳಕ್ಕೆ ಬೇಕಾದರೂ ಇಳಿದು, ಸಿಲಿಂಡರು ಬರಿದಾದ ಕೂಡಲೇ ಒಂದೇ ಉಸಿರಿಗೆ ಮೇಲೆ ಬರುತ್ತಿದ್ದರು. ಒಂದು ಸಲ ಹಾಗೆ ಬಂದವನಿಗೆ ಸೊಂಟದ ಕೆಳಗೆ ಏನೂ ಗೊತ್ತಾಗಲಿಲ್ಲ. ಆಳದ ಕಲ್ಲುಗಳ ನಡುವೆ ಇರುವ ನೀರಿನ ಹೆಣ್ಣು ಅವನ ಕಾಲು ಇಟ್ಟುಕೊಂಡಳು, ಪಾಲಿಗಿಂತ ಹೆಚ್ಚು ಸಿಗಡಿ ಹಿಡಿದಿದ್ದ ಎಂದು ಊರು ಹೇಳಿತು. ಕೂಕಾ ಆ ಮಾತಿಗೆ, “ಅವಳಿಗೆ ಕಾಲು ಯಾಕೆ, ಅವಳಿಗೆ ಬಾಲ ಇದೆಯಲ್ಲ,” ಎಂದು ಹೇಳಿ ಗಂಡನನ್ನು ಜೋಲಿಯಿಂದ ಎತ್ತಿ ಮೈ ತೊಳೆಸಲು ಹೋದರಂತೆ. ಅವನು ಸಾಯುವವರೆಗೆ ಎತ್ತಿದರು. ಅವರ ಎಡ ಭುಜ ಬಲಕ್ಕಿಂತ ಕೆಳಗಿದ್ದದ್ದು ಅದರಿಂದ.

ಬದುಕಿಗೆ ಬ್ರೆಡ್ಡು. ಎಣ್ಣೆಯ ಡ್ರಮ್ಮನ್ನು ಉದ್ದಕ್ಕೆ ಸೀಳಿ ಮಾಡಿದ ಒಲೆ, ಮೇಲೂ ಕೆಂಡ ಕೆಳಗೂ ಕೆಂಡ, ನಡುವೆ ತೆಂಗಿನಹಾಲು ಹಾಕಿ ಕಲಸಿದ ಬ್ರೆಡ್ಡು. ಚರ್ಚಿನಲ್ಲಿ ಎಲ್ಲರೂ ಸಾಲಾಗಿ ಕೂತು ಹಾಡಿನ ನಡುವೆ ಬ್ರೆಡ್ಡು, ಕಾಫಿ ಹಂಚಿಕೊಳ್ಳುವ ಪ್ರೀತಿಭೋಜನಕ್ಕೆ ಬ್ರೆಡ್ಡು ಅವರದ್ದೇ. ಆದರೆ ಗುರುವಾರದ ಸಾಕ್ಷಿಕೂಟದಲ್ಲಿ, ಒಬ್ಬೊಬ್ಬರೇ ಎದ್ದು ದೇವರು ತಮ್ಮ ಬಾಳಿನಲ್ಲಿ ಮಾಡಿದ್ದನ್ನು ಹೇಳುವಾಗ, ಕೂಕಾ ಎದ್ದದ್ದನ್ನು ನಾನು ನೋಡಿಲ್ಲ. ಕೇಳಿದರೆ, “ಅವನಿಗೆ ಗೊತ್ತಿದೆ, ನಿಮಗ್ಯಾಕೆ?” ಎನ್ನುತ್ತಿದ್ದರು.

ಅವರ ಒಬ್ಬನೇ ಮಗ ವಿಲ್ಮೋರ್. ಅಪ್ಪನ ಕಾಲು ನೋಡಿಕೊಂಡೇ ಬೆಳೆದವನು, ಕೊನೆಗೆ ಅದೇ ಸಮುದ್ರಕ್ಕೆ ಇಳಿದ. ಇಲ್ಲಿ ಗಂಡಸರಿಗೆ ಬೇರೆ ಕೆಲಸ ಹುಡುಕುವುದಕ್ಕಿಂತ ಬೇರೆ ಕಾಲು ಹುಡುಕುವುದು ಸುಲಭ. ದೋಣಿ ಹೊರಡುವ ಮುಂಚೆ ಕುಡಿಯುತ್ತಿದ್ದ, ಬಂದ ಮೇಲೆ ಕುಡಿಯುತ್ತಿದ್ದ. ಒಂದು ಕ್ರಿಸ್ಮಸ್ ಪ್ರೀತಿಭೋಜನಕ್ಕೆ ತುಂಬ ಕುಡಿದು ಬಂದು, ಮೊದಲನೆಯ ಹಾಡು ನಡೆಯುವಾಗ ಎರಡನೆಯದನ್ನು ದೊಡ್ಡ ದನಿಯಲ್ಲಿ ಹಾಡಿ, ಆಮೇಲೆ ತನ್ನ ತಾಯಿಯದೇ ಬ್ರೆಡ್ಡಿನ ಬುಟ್ಟಿಯ ಮೇಲೆ ತಲೆಯಿಟ್ಟು ಮಲಗಿಬಿಟ್ಟ. ನಾವು ಕೆಲವರು ನಕ್ಕೆವು. ಸಭೆಯ ಹಿರಿಯರು ನಗಲಿಲ್ಲ. ಅವನನ್ನು ಶಿಕ್ಷೆಗೆ ಇಟ್ಟರು. ಎಂದರೆ, ಸಭೆಯ ಮುಂದೆ ನಿಂತು ತಪ್ಪೊಪ್ಪಿಕೊಂಡು ಮತ್ತೆ ಸೇರುವವರೆಗೂ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸವಿಲ್ಲ, ಸತ್ತರೆ ಬೀಳ್ಕೊಡುವ ತುತ್ತೂರಿಯಿಲ್ಲ. “ಸಮುದ್ರದ ಕೆಲಸ ಮುಗಿದ ಮೇಲೆ ನಿಂತ್ರಾಯ್ತು ಬಿಡಿ,” ಎಂದಿದ್ದ ವಿಲ್ಮೋರ್.

ಮಾರನೆಯ ವರ್ಷ ಸಿಗಡಿಯ ಕಾಲದ ನಡುಮಧ್ಯೆ ದೊಡ್ಡ ದೋಣಿ ಅವನಿಲ್ಲದೆ ಮರಳಿತು.

ಕೆಳಗೆ ಮುಳುಗಾಳು ಹೋಗುತ್ತಿರುವಾಗ ಮೇಲೆ ಒಬ್ಬ ಚಿಕ್ಕ ಹುಟ್ಟುದೋಣಿಯಲ್ಲಿ ಅವನನ್ನು ಹಿಂಬಾಲಿಸುತ್ತಾನೆ. ನೀರಿನೊಳಗಿಂದ ಏಳುವ ಗುಳ್ಳೆಗಳೇ ಗುರುತು. ವಿಲ್ಮೋರ್‌ನ ಗುಳ್ಳೆ ಹಿಡಿದು ಹೋಗುತ್ತಿದ್ದವನು ಬೆರ್ನಲ್, ಕೂಕಾರ ತಂಗಿಯ ಮಗ. ಅವತ್ತು ಪಕ್ಕದಲ್ಲಿ ಬೇರೆ ದೋಣಿಯವರೂ ಇಳಿದಿದ್ದರು. ಎರಡು ಸಾಲು ಗುಳ್ಳೆಗಳು ಒಂದರ ಮೇಲೊಂದು ಹಾದುಹೋದವು. ಬೆರ್ನಲ್ ಒಂದು ಸಾಲನ್ನು ಹಿಡಿದು ಬಹಳ ದೂರ ಹೋದ. ಕೊನೆಗೆ ಅವನ ಹುಟ್ಟಿನ ಪಕ್ಕದಲ್ಲಿ ತಲೆ ಎತ್ತಿದವನು ಮುಖ ಪರಿಚಯವಿಲ್ಲದ ಯಾರೋ. ಬಾಯಿಂದ ನಳಿಕೆ ತೆಗೆದು, “ನನ್ ದೋಣಿ ಎಲ್ಲೋ?” ಎಂದು ಕೇಳಿದನಂತೆ.

ಇದನ್ನು ಬೆರ್ನಲ್ ಕಟ್ಟೆಯ ಮೇಲೆ ಕೂತು, ಕೈಯಲ್ಲಿ ಹುಟ್ಟು ಹಿಡಿದುಕೊಂಡೇ ಹೇಳಿದ. ಅವನು ಹೇಳಿ ಮುಗಿಸುವ ಮೊದಲೇ ನನ್ನ ತಲೆಯಲ್ಲಿ ಪಾಠ ತಯಾರಾಗಿಬಿಟ್ಟಿತ್ತು: ನಾವು ಯಾರ ಗುಳ್ಳೆಗಳನ್ನು ಹಿಂಬಾಲಿಸುತ್ತಿದ್ದೇವೆ? ಸಂಬಳದ ಅಭ್ಯಾಸ ಹಾಗೆ. ನಾನು ಎದ್ದು ಹೋದೆ.

ಹೆಣವಿಲ್ಲದ ಮನೆಯಲ್ಲೂ ಜಾಗರಣೆ ಜಾಗರಣೆಯೇ. ಜನ ಬಂದರು, ಕೂತರು, ಹಾಡಿದರು, ಇಸ್ಪೀಟು ಆಡಿದರು. ಬಂದವರಿಗೆ ಹೊಟ್ಟೆಗೆ ಹಾಕಬೇಕು. ಕೂಕಾ ಹಂದಿಯನ್ನು ಕಡಿಸಿದರು. ಹಗ್ಗ ಬಿಚ್ಚಿ ಗೂಟಕ್ಕೆ ಸುತ್ತಿಟ್ಟರು. ನಾನೂ ತಿಂದೆ. ಮಾಂಸ ಚೆನ್ನಾಗಿತ್ತು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ನಮ್ಮ ಸಭೆಯಲ್ಲಿ ಸತ್ತವರ ಬದುಕನ್ನು ಬರೆದು ಗೋರಿಯ ಬಳಿ ಓದುವ ಪದ್ಧತಿ ಇದೆ. ಎಂಥ ಬಡವನಾದರೂ ಸರಿ, ಅವನ ಪಾಲಿಗೆ ಒಂದು ಹಾಳೆ. ಎಲ್ಲಿ ಹುಟ್ಟಿದ, ಯಾವ ನೀರಿನಲ್ಲಿ ಮೀನು ಹಿಡಿದ, ಯಾರನ್ನು ಕಟ್ಟಿಕೊಂಡ, ಕರ್ತನು ಅವನನ್ನು ಎಲ್ಲಿ ಮುಟ್ಟಿದ, ಹೇಗೆ ನಂಬಿಕೆಯಲ್ಲಿ ಕಣ್ಣು ಮುಚ್ಚಿದ. ಸಮುದ್ರಕ್ಕೆ ಹೋದವರಿಗೆ ಗೋರಿಯಿಲ್ಲ. ಅವರ ಹಾಳೆಯನ್ನು ಈಸ್ಟರ್ ಬೆಳಗಿನಲ್ಲಿ ಓದುತ್ತಾರೆ. ಅವತ್ತು ಸೂರ್ಯ ಹುಟ್ಟುವ ಮುಂಚೆ ಇಡೀ ಊರು ತುತ್ತೂರಿಗಳ ಹಿಂದೆ ಸ್ಮಶಾನಕ್ಕೆ ನಡೆದು, ಹಿಂದಿನ ಈಸ್ಟರಿನಿಂದೀಚೆಗೆ ಸತ್ತವರ ಹೆಸರನ್ನು ಒಂದೊಂದಾಗಿ ಕೂಗುತ್ತದೆ, ಎಲ್ಲರೂ ಗೋರಿಯಿಂದ ಏಳಬೇಕಾದ ದಿನಕ್ಕೆ ಈಗಿನಿಂದಲೇ ಅಭ್ಯಾಸ ಮಾಡಿಸುವ ಹಾಗೆ. ಆ ಹಾಳೆಗಳನ್ನು ಬರೆಯುವುದೂ ನನ್ನ ಕೆಲಸ. ಮೇಲಿನ ಭಾಗ ಮನೆಯವರು ಹೇಳುತ್ತಾರೆ. ಕೊನೆಯ ಸಾಲುಗಳು ನನ್ನವು, ಹೆಸರು ಬದಲಾಯಿಸಿದರೆ ಯಾರಿಗಾದರೂ ಹೊಂದುತ್ತವೆ.

ಸಿಗಡಿಯ ಕಾಲ ಮುಗಿದು ದೋಣಿಗಳೆಲ್ಲ ದಡ ಸೇರಿ, ಈಸ್ಟರ್ ಹತ್ತಿರ ಬಂದಾಗ ಕೂಕಾ ನನ್ನನ್ನು ಕರೆದುಕೊಂಡು ಪಾಸ್ಟರ್ ಮನೆಗೆ ಹೋದರು. ಮರಗೆಣಸಿನ ಪಾತಿ ಸೊಂಪಾಗಿ ಬೆಳೆದಿತ್ತು. ಕೂಕಾ ಅದನ್ನು ಒಂದು ಗಳಿಗೆ ನೋಡಿ ಮೆಟ್ಟಿಲು ಹತ್ತಿದರು.

“ವಿಲ್ಮೋರಂದು ಓದ್ಬೇಕು, ಪಾಸ್ಟರೇ. ಹೆಸರೂ ಕರೀಬೇಕು.”

ಪಾಸ್ಟರ್ ಆಸ್ಟನ್ ಕೆಟ್ಟವರಲ್ಲ. ಹಂದಿ ತಮ್ಮ ಪಾತಿ ಅಗೆಯುವುದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು, ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. 

“ಕೂಕಾ, ನಾನೇನು ಕಲ್ಲಲ್ಲ. ಆದ್ರೆ ಅವನು ಶಿಕ್ಷೆಯಲ್ಲಿದ್ದೋನು. ಅವನಿಗೆ ಓದಿದ್ರೆ ನಾಳೆ ಎಲ್ಲಾರಿಗೂ ಓದ್ಬೇಕು, ಆಮೇಲೆ ಶಿಕ್ಷೆ ಅನ್ನೋದೇ ಇರಲ್ಲ. ಹಿರಿಯರು ಒಪ್ಪಲ್ಲ.” ಸ್ವಲ್ಪ ಮುಂದಕ್ಕೆ ಬಾಗಿದರು. “ಕೊನೇ ಸಲ ಹೋಗೋವಾಗ ಏನಾದ್ರೂ ಅಂದ್ನಾ? ಮನಸ್ಸು ತಿರುಗಿದೆ, ನಂಗೋಸ್ಕರ ಪ್ರಾರ್ಥನೆ ಮಾಡು, ಹಿಂಗೆ ಏನಾದ್ರೂ? ಒಂದು ಮಾತು ಸಾಕು. ಅದನ್ನ ಹಿಡ್ಕೊಂಡು ನಾನು ಹಿರಿಯರ ಮುಂದೆ ನಿಲ್ತೀನಿ. ನೆನಪು ಮಾಡ್ಕೊಳ್ಳಿ.”

“ನೆನಪಿದೆ,” ಎಂದರು ಕೂಕಾ. “ಬ್ರೆಡ್ಡು ತಳ ಸುಟ್ಟಿದೆ ಅಂದ.”

ಪಾಸ್ಟರ್ ನನ್ನ ಕಡೆ ನೋಡಿದರು. ಆ ನೋಟದ ಅರ್ಥ ನನಗಾಯಿತು. ನಾನು ರೇಡಿಯೊದವನು, ಸುಟ್ಟ ತಳದಿಂದಲೂ ಏನಾದರೂ ಕೆರೆದು ತೆಗೆಯಬಲ್ಲವನು.

ಹಾಳೆಗೆ ಬೇಕಾದದ್ದನ್ನು ಕೂಕಾ ಒಲೆಯ ಮುಂದೆ ಕೂತು ಹೇಳಿದರು. ಹಿಟ್ಟು ನಾದುತ್ತ, ನನ್ನ ಮುಖ ನೋಡದೆ.

“ಗುಡುಗು ಅಂದ್ರೆ ಹೆದರ್ತಿದ್ದ ಅಂತ ಬರಿ. ದೊಡ್ಡೋನಾದ ಮೇಲೂ. ಗುಡುಗಿದ್ರೆ ಎದ್ದು ಬಂದು ನನ್ನ ಚಾಪೆ ಪಕ್ಕ ಕೂತ್ಕೊಂಡು, ಸೂರು ಸೋರ್ತಿದ್ಯೇನೋ ನೋಡಕ್ ಬಂದೆ ಅಂತಿದ್ದ.”

“ಬರ್ದೆ, ಕೂಕಾ.”

“ನಮ್ಮನೆಯೋರ ಕಾಲಿನ ಹುಣ್ಣು ತೊಳೀತಿದ್ದ. ಮೂಗು ಮುಚ್ಕೊಂಡೇ ತೊಳೀತಿದ್ದ, ಅದೂ ಬರಿ. ಪ್ರತಿ ಸಲ ಸಮುದ್ರದಿಂದ ಬಂದಾಗ ಒಂದು ಮೂಟೆ ಹಿಟ್ಟು ತರ್ತಿದ್ದ. ಕುಡಿದ್ಬಿಟ್ಟು ತರೋನು. ಒಂದ್ಸಲ ದಾರೀಲಿ ಮೂಟೆ ಹರಿದೋಗಿ ಬರೀ ಚೀಲ ಹೊತ್ಕೊಂಡು ಬಂದ.” ಹಿಟ್ಟನ್ನು ಮಗುಚಿ ಹಾಕಿದರು. “ಒಂದ್ಸಲ ನನ್ ಮೇಲೆ ಕೈ ಮಾಡ್ದ.”

ನನ್ನ ಪೆನ್ನು ನಿಂತಿತು. “ಅದು ಬೇಡ ಬಿಡಿ, ಕೂಕಾ.”

“ಬರಿ. ಆಮೇಲೆ ಎರಡು ದಿನ ಮನೆಗೆ ಬರ್ಲಿಲ್ಲ. ಬಂದೋನು ಹೇಳ್ದೆ ಕೇಳ್ದೆ ಒಲೆಗೆ ಸೌದೆ ಒಡ್ದ. ಸೂರಿನ ಎತ್ತರಕ್ಕೆ ಒಡ್ದ. ತಪ್ಪಾಯ್ತು ಅನ್ನಕ್ಕೆ ಅವನಿಗೆ ಬರ್ತಾ ಇರ್ಲಿಲ್ಲ.”

ಇದೆಲ್ಲ ಬರೆದುಕೊಂಡು ಬಂದೆ. ಅಂದು ಸಂಜೆ ಬೆರ್ನಲ್ ನನ್ನನ್ನು ಹುಡುಕಿಕೊಂಡು ಬಂದ. ಅವನು ತುಂಬ ತೆಳ್ಳಗಾಗಿದ್ದ. ಸಮುದ್ರದ ಕಡೆ ಮತ್ತೆ ಹೋಗಿರಲಿಲ್ಲ.

“ಏನೋ ಸಾಲು ಬೇಕಂತಲ್ಲ,” ಎಂದ. “ಇಳಿಯೋ ಹಿಂದಿನ ರಾತ್ರಿ ದೋಣೀಲಿ ವಿಲ್ಮೋರ್ ಪ್ರಾರ್ಥನೆ ಮಾಡ್ದ ಅಂತ ನಾನು ಹೇಳ್ತೀನಿ. ಹಾಡಿದ ಅಂತಾನೂ ಹೇಳ್ತೀನಿ. ನಾನು ಹೇಳಿದ್ರೆ ಯಾರು ಇಲ್ಲ ಅಂತಾರೆ?”

“ಹಾಡಿದ್ನಾ?”

“ಇಸ್ಪೀಟು ಆಡಿದ್ವಿ. ಸೋತ. ಬೈದ.” ಬೆರ್ನಲ್ ನೆಲ ನೋಡಿದ. “ನಾನೇ ಕಳ್ಕೊಂಡೋನು, ನೊರ್ವಿನ್. ಹೆಸರನ್ನಾದ್ರೂ ಹಿಡ್ಕೊಂಡು ಬರಕ್ ಬಿಡು.”

ನಾನು ಬರೆದೆ. ಚೆನ್ನಾಗಿ ಬರೆದೆ ಎಂದು ಹೇಳಲೇಬೇಕು. ದೋಣಿಯ ಮೇಲ್ಕಟ್ಟೆ, ನಕ್ಷತ್ರ, ಮೊಣಕಾಲೂರಿದ ಮುಳುಗಾಳು, ‘ಕರ್ತನೇ, ನಾಳೆ ನಾನು ಇಳಿಯುವ ಆಳಕ್ಕಿಂತ ನಿನ್ನ ಕರುಣೆ ಆಳ’ ಎಂಬ ಮಾತು. ಬರೆಯುವಾಗ ನನಗೇ ಕಣ್ಣಲ್ಲಿ ನೀರು ಬಂತು. ನನ್ನ ಸಾಲುಗಳಿಗೆ ನಾನೇ ಅಳುವುದು ಹೊಸದೇನಲ್ಲ. ಕೈ ಮಾಡಿದ್ದನ್ನು ಬಿಟ್ಟೆ, ಕುಡಿತವನ್ನು ‘ಯೌವನದ ಎಡವುಗಳು’ ಎಂದು ತೇಲಿಸಿದೆ. ಪಾಸ್ಟರ್ ಓದಿ, ಕನ್ನಡಕ ತೆಗೆದು ಒರೆಸಿಕೊಂಡರು. ನಿಜವೇ ಎಂದು ಕೇಳಲಿಲ್ಲ. “ಕೂಕಾಗೆ ಒಂದ್ಸಲ ಓದಿ ಹೇಳು,” ಎಂದಷ್ಟೇ ಅಂದರು.

ಈಸ್ಟರಿನ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಕೂಕಾ ಪ್ರೀತಿಭೋಜನದ ಬ್ರೆಡ್ಡು ಬೇಯಿಸುತ್ತಿದ್ದರು. ಒಲೆಯ ಮೇಲಿನ ತಗಡಿನಲ್ಲಿ ಕೆಂಡ ಹರಡಿಕೊಂಡು ನಿಂತಿದ್ದರು. ನಾನು ತೆಂಗಿನ ಚಿಪ್ಪುಗಳ ರಾಶಿಯ ಪಕ್ಕ ಕೂತು ಓದಿದೆ. ಗುಡುಗಿನ ಜಾಗದಲ್ಲಿ ಅವರು ತಲೆಯಾಡಿಸಿದರು. ಹಿಟ್ಟಿನ ಮೂಟೆಯ ಜಾಗದಲ್ಲಿ ಮೂಗಿನಲ್ಲೇ ನಕ್ಕರು. ನಕ್ಷತ್ರಗಳು ಬಂದಾಗ ಕೆಂಡ ಹರಡುವುದನ್ನು ನಿಲ್ಲಿಸಿದರು. ನಾನು ಕೊನೆಯವರೆಗೆ ಓದಿದೆ, ದನಿ ತಾನಾಗಿ ನಡುಗಿತು.

“ಯಾರ ಮಗ ಅವನು?” ಎಂದು ಕೇಳಿದರು.

“ಕೂಕಾ…”

“ಒಳ್ಳೇ ಹುಡುಗ ಪಾಪ. ಅವರಮ್ಮನಿಗೆ ತಗೊಂಡೋಗಿ ಕೊಡು, ಸಂತೋಷಪಡ್ತಾಳೆ.”

“ಬೆರ್ನಲ್ ಸಾಕ್ಷಿ ಹೇಳ್ತಾನೆ. ಪಾಸ್ಟರೂ ಒಪ್ಪಿದ್ದಾರೆ. ಯಾರಿಗೂ ಕೆಟ್ಟದ್ದಾಗಲ್ಲ, ಕೂಕಾ. ಈ ಎರಡು ಸಾಲು ಇಲ್ದೆ ಹೋದ್ರೆ ನಾಳೆ ಓದಲ್ಲ ಅವರು. ಹೆಸರೂ ಕರೆಯಲ್ಲ.”

“ಕರೀದಿದ್ರೆ ಏನಾಗತ್ತೆ ಅಂತ ನಂಗೊತ್ತಿಲ್ವೇನೋ? ಆರು ತಿಂಗಳಿಂದ ಆ ಹೆಸರು ಕರೆಯೋದನ್ನೇ ಕಾಯ್ತಾ ಇದೀನಿ.” ಅವರು ಕೈಯಲ್ಲಿದ್ದ ಕೋಲನ್ನು ನೆಲಕ್ಕೆ ಊರಿ ನಿಂತರು. “ಆ ದಿನ ದೇವರು ಹೆಸರು ಹಿಡಿದು ಕೂಗ್ತಾನೆ ಅಂತೀರಲ್ಲ. ಎಲ್ಲಾರೂ ಎದ್ದು ಬರ್ತಾರೆ, ಸಮುದ್ರದಲ್ಲಿರೋರೂ ಬರ್ತಾರೆ ಅಂತೀರಲ್ಲ. ನಾನು ಅದನ್ನ ನಂಬಿದೀನಿ. ನಾಳೆ ನೀವು ಯಾರನ್ನ ಕರೀತೀರ? ನಕ್ಷತ್ರದ ಕೆಳಗೆ ಮೊಣಕಾಲೂರಿದೋನನ್ನ ಕರೆದ್ರೆ ನನ್ ಮಗ ನಾನಲ್ಲ ಅಂದ್ಕೊಂಡು ಅಲ್ಲೇ ಕೂತಿರ್ತಾನೆ. ಮೊದ್ಲೇ ಅವನಿಗೆ ಕರೆದ ತಕ್ಷಣ ಬರೋ ಅಭ್ಯಾಸ ಇಲ್ಲ.”

ನಾನು ಹಾಳೆ ಮಡಿಸಿದೆ.

“ಗುಳ್ಳೆ ತಪ್ಪಿ ಒಂದ್ಸಲ ಹೋದ,” ಎಂದರು ಕೂಕಾ. “ಸಾಕು.”

ಬ್ರೆಡ್ಡು ತಳ ಹತ್ತುವ ವಾಸನೆ ಬಂತು. ಅವರು ತಿರುಗಿ ತಗಡು ಎತ್ತಿದರು.

ನಾನು ಹಾಳೆಯನ್ನು ಮತ್ತೆ ಬರೆದೆ, ಅವರು ಹೇಳಿದ ಹಾಗೆ, ಕೈ ಮಾಡಿದ್ದನ್ನೂ ಸೌದೆಯನ್ನೂ ಸೇರಿಸಿ. ಕೊನೆಗೆ ಬ್ರೆಡ್ಡು ತಳ ಸುಟ್ಟಿದೆ ಎಂಬ ಮಾತು. ಪಾಠವಿಲ್ಲದೆ ಮುಗಿಸಿದ್ದು ಅದೇ ಮೊದಲು. ಸಂಜೆ ಪಾಸ್ಟರ್ ಅದನ್ನು ನಿಂತುಕೊಂಡೇ ಓದಿದರು, ಮಡಿಸಿ ಮರುದಿನದ ಬೋಧನೆಯ ಪುಟಗಳ ನಡುವೆ ಇಟ್ಟುಕೊಂಡರು. ಓದುತ್ತೇನೆ ಎನ್ನಲಿಲ್ಲ, ಓದುವುದಿಲ್ಲ ಎಂದೂ ಅನ್ನಲಿಲ್ಲ.

ಬೆಳಕು ಹರಿಯುವ ಮೊದಲು ತುತ್ತೂರಿಗಳು ಊದಿದವು. ದೋಣಿಗಳು ದಡದಲ್ಲಿದ್ದ ಕಾಲವಾದ್ದರಿಂದ ಊರಿನ ಗಂಡಸರೆಲ್ಲ ಬಂದಿದ್ದರು. ಕೋಲು ಊರಿಕೊಂಡು ಬರುವ ಮುಳುಗಾಳುಗಳು, ಅವರನ್ನು ಕೈಗಾಡಿಯಲ್ಲಿ ಕೂರಿಸಿ ತಳ್ಳಿಕೊಂಡು ಬಂದ ಹೆಂಡತಿಯರು. ಸುಣ್ಣ ಬಳಿದ ಗೋರಿಗಳ ನಡುವೆ ಕೂಕಾ ಎಡ ಭುಜ ತಗ್ಗಿಸಿ, ಬ್ರೆಡ್ಡಿನ ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡು ನಿಂತಿದ್ದರು. ಗಂಡನ ಗೋರಿಯ ಪಕ್ಕ. ನಾನು ರೇಡಿಯೊದ ಮೈಕು ಹಿಡಿದು ಪಾಸ್ಟರ್ ಬಾಯಿಯ ಮುಂದೆ ನಿಂತಿದ್ದೆ.

ಹೆಸರುಗಳು ಶುರುವಾದವು. ಜ್ವರದಲ್ಲಿ ಹೋದ ಮಗು. ಮುದುಕರು. ಹೆರಿಗೆಯಲ್ಲಿ ಹೋದವಳು. ಒಂದೊಂದು ಹೆಸರಿಗೂ ಯಾರೋ ಒಂದು ಕಡೆ ಬಿಕ್ಕುತ್ತಿದ್ದರು. ಸಮುದ್ರಕ್ಕೆ ಹೋದವರ ಸರದಿ ಬಂತು. ಪಾಸ್ಟರ್ ಒಬ್ಬನ ಹಾಳೆ ಓದಿದರು. ಪುಟ ತಿರುಗಿಸಿದರು. ಹತ್ತಿರ ನಿಂತಿದ್ದ ನನಗೆ ಮಡಿಸಿದ ಹಾಳೆ ಕಂಡಿತು. ಅವರ ಬೆರಳು ಅದರ ಮೇಲೆ ನಿಂತಿತು. ಹಿರಿಯರು ಸಾಲಾಗಿ ಎದುರಿಗಿದ್ದರು. ಮೂಡಣದಲ್ಲಿ ಕೆಂಪು ಏರುತ್ತಿತ್ತು. ತುತ್ತೂರಿಯವರು ತುಟಿ ಒದ್ದೆ ಮಾಡಿಕೊಳ್ಳುತ್ತಿದ್ದರು, ಸೂರ್ಯ ಯಾರಿಗೂ ಕಾಯುವುದಿಲ್ಲ. ಪಾಸ್ಟರ್ ಬೆರಳು ತೆಗೆದು ಆಮೆನ್ ಎಂದರು.

ಆಗ ಕೂಕಾ, “ವಿಲ್ಮೋರ್ ಪಾಂಟಿಂಗ್,” ಎಂದರು.

ಕೂಗಲಿಲ್ಲ. ಹೊತ್ತಾಯಿತು ಊಟಕ್ಕೆ ಬಾ ಎಂದು ಕರೆಯುವಷ್ಟು ದನಿ. ಅದರ ಮೇಲೆಯೇ ತುತ್ತೂರಿಗಳು ಎದ್ದವು. ಪಕ್ಕದ ಗೋರಿಗಳ ಬಳಿ ನಿಂತವರಿಗೆ ಕೇಳಿಸಿರಬಹುದು. ನಾನು ಧೈರ್ಯವಾಗಿ ಮೈಕನ್ನು ಆಕೆಯ ಕಡೆ ತಿರುಗಿಸಿದೆ, ಹಿನ್ನೀರಿನ ಸುತ್ತಣ ಹಳ್ಳಿಗಳಿಗೆಲ್ಲ ಆ ಹೆಸರು ಕೇಳಿಸಿತು ಎಂದು ಬರೆಯಲು ನನಗೂ ಆಸೆ. ತಂತಿ ಅಷ್ಟು ಉದ್ದವಿರಲಿಲ್ಲ. ಉದ್ದವಿದ್ದಿದ್ದರೆ ತಿರುಗಿಸುತ್ತಿದ್ದೆನೇ ಎಂಬುದು ಬೇರೆ ಪ್ರಶ್ನೆ, ಸಂಬಳ ಸಭೆಯದು. ಹಿಂದೆ ನಿಂತಿದ್ದ ಬೆರ್ನಲ್ ಮಾತ್ರ ಟೋಪಿ ತೆಗೆದ.

ಹಾಡು ಮುಗಿದು ಬ್ರೆಡ್ಡು ಹಂಚುವಾಗ ಪಾಸ್ಟರ್ ತಾವಾಗಿ ಕೂಕಾರ ಬಳಿ ಬಂದರು.

“ನನ್ ಕೈಲಾಗ್ಲಿಲ್ಲ, ಕೂಕಾ.”

ಕೂಕಾ ಬುಟ್ಟಿಯ ಬಟ್ಟೆ ಸರಿಸಿ ಒಂದು ಬ್ರೆಡ್ಡು ತೆಗೆದು ಕೊಟ್ಟರು. “ತಿನ್ನಿ. ಆರಿಹೋಗತ್ತೆ.”

ಅವರು ಅಲ್ಲಿಯೇ ನಿಂತು ತಿಂದರು, ಪೂರ್ತಿ, ತಲೆ ಎತ್ತದೆ. ಆ ಬ್ರೆಡ್ಡಿನ ತಳ ಕರಿಯಾಗಿತ್ತು.

ವಿಲ್ಮೋರ್‌ನ ಹಾಳೆ ಈವರೆಗೂ ಓದಿಲ್ಲ. ‘ಬದುಕಿನ ಪಾಠ’ ನಡೆಯುತ್ತಲೇ ಇದೆ, ನಾನೇ ಹೇಳುತ್ತೇನೆ. ಈಚೆಗೆ ದನಿ ಬೇಕೆಂದಾಗ ನಡುಗುವುದಿಲ್ಲ. ಬ್ಯಾಟರಿ ಹಳತಾಗಿದೆ ಎಂದು ಜನ ತಿಳಿದುಕೊಂಡಿದ್ದಾರೆ.

ಮಳೆ ಶುರುವಾಗಿ, ಮತ್ತೆ ಸಿಗಡಿಯ ಕಾಲಕ್ಕೆ ದೋಣಿಗಳಿಗೆ ಬಣ್ಣ ಬಳಿಯುತ್ತಿದ್ದ ಒಂದು ಭಾನುವಾರ, ಪಾಸ್ಟರರ ಪ್ರಾರ್ಥನೆ ಎಂದಿನ ಹಾಗೆ ಉದ್ದಕ್ಕೆ ಹೋಯಿತು. ನಾನು ಎಂದಿನ ಹಾಗೆ ಕಣ್ಣು ಬಿಟ್ಟಿದ್ದೆ. ಕೂಕಾ ಕಿಟಕಿಯ ಪಕ್ಕ ಅದೇ ತುದಿಯಲ್ಲಿ ಕೂತಿದ್ದರು. ಕಣ್ಣು ತೆರೆದೇ ಇತ್ತು. ಆದರೆ ಈ ಸಲ ಅವರು ಕಿಟಕಿಯ ಹೊರಗೆ ನೋಡುತ್ತಿರಲಿಲ್ಲ. ಗೋಡೆಯ ಮೇಲಿನ ಶಿಲುಬೆಯನ್ನು ದಿಟ್ಟಿಸಿ ನೋಡುತ್ತಿದ್ದರು.

ಸಭೆ ಮುಗಿದ ಮೇಲೆ ಮೆಟ್ಟಿಲ ಮೇಲೆ ಮಳೆ ನಿಲ್ಲಲೆಂದು ನಿಂತಿದ್ದಾಗ ಕೇಳಿಬಿಟ್ಟೆ. ಕೇಳಬಾರದಿತ್ತು ಎಂದು ಕೇಳಿದ ಮೇಲೆ ಅನ್ನಿಸಿತು.

“ಹಂದಿ ಹೋಗಿ ಇಷ್ಟು ದಿನ ಆಯ್ತಲ್ಲ ಕೂಕಾ. ಈಗ್ಯಾಕೆ ಪ್ರಾರ್ಥನೇಲಿ ಕಣ್ಣು ಮುಚ್ಚಲ್ಲ ನೀವು?”

ಅವರು ಅಂಗೈಯಿಂದ ಮುಖದ ಹನಿ ಒರೆಸಿಕೊಂಡರು.

“ದೇವರ ಮೇಲೆ ಸಿಟ್ಟಿದೆ,” ಎಂದರು. “ಸಿಟ್ಟಿರೋವಾಗ ನಾನು ಯಾರ ಎದುರಿಗೂ ಕಣ್ ಮುಚ್ಚಲ್ಲ. ನಮ್ಮನೆಯೋರ ಹತ್ರ ಜಗಳ ಆಡಿದಾಗ್ಲೂ ಅಷ್ಟೇ, ಮುಖಕ್ಕೆ ಮುಖ ಕೊಟ್ಟು ಕೂತಿರ್ತಿದ್ದೆ. ಹಂಗಂತ ಮನೆ ಬಿಟ್ಟು ಹೋಗಿರ್ಲಿಲ್ಲ.”